ಜಲ್ಲಿ ರಾಶಿಯಂಥ ಬೆಟ್ಟ: ಜ್ವಾಲಾಮುಖಿಯ ತುದಿಗೆ ನಡೆಯುವುದು ಯಾಕೆ ಬೇರೆಯದೇ ಕೆಲಸ

ಮನೆ ಕಟ್ಟುವಾಗ ರಸ್ತೆ ಬದಿಯಲ್ಲಿ ಸುರಿದಿರುತ್ತಾರಲ್ಲ, ಆ ಜಲ್ಲಿ ರಾಶಿಯನ್ನು ಚಿಕ್ಕವರಿದ್ದಾಗ ಹತ್ತದವರು ಕಡಿಮೆ. ಎತ್ತರ ನೋಡಿದರೆ ಒಂದಾಳುದ್ದವೂ ಇಲ್ಲ. ಆದರೂ ತುದಿ ಮುಟ್ಟುವಷ್ಟರಲ್ಲಿ ಏದುಸಿರು. ಕಾಲಿಟ್ಟ ಕಡೆ ಜಲ್ಲಿ ಜಾರುತ್ತದೆ, ಕಾಲು ಹೂತುಹೋಗುತ್ತದೆ, ಎರಡು ಹೆಜ್ಜೆ ಮೇಲೆ ಹೋದರೆ ಒಂದು ಹೆಜ್ಜೆ ಕೆಳಗೆ. ಓಡಿ ಹತ್ತಿದರೆ ಇನ್ನೂ ಜಾಸ್ತಿ ಜಾರುತ್ತದೆ.

ಈ ರಾಶಿಯನ್ನೇ ಸಾವಿರಾರು ಮೀಟರ್ ಎತ್ತರಕ್ಕೆ ಬೆಳೆಸಿ. ತುದಿಯಲ್ಲಿ ಗಾಳಿ ತೆಳುವಾಗಿದೆ, ಚಳಿ ಕೊರೆಯುತ್ತದೆ, ನಡುವೆ ಒಂದು ಬಾಯಿ ಇದೆ, ಅದರಿಂದ ಗಂಧಕದ ಹೊಗೆ ಬರುತ್ತಿದೆ ಎಂದುಕೊಳ್ಳಿ. ಕಡಿದಾದ ಜ್ವಾಲಾಮುಖಿ ಪರ್ವತದ ಚಾರಣ ಎಂದರೆ ಹೆಚ್ಚು ಕಡಿಮೆ ಇದೇ.

ಬೇರೆ ಬೆಟ್ಟಗಳಲ್ಲಿ ಚೆನ್ನಾಗಿ ಪಳಗಿದವರೂ ಇಲ್ಲಿ ಲೆಕ್ಕ ತಪ್ಪುತ್ತಾರೆ. ಅದಕ್ಕೆ ಕಾರಣವಿದೆ. ಸಾಮಾನ್ಯ ಬೆಟ್ಟ ಎಂದರೆ ಮಳೆ, ಗಾಳಿ, ಹಿಮ ಎಲ್ಲಾ ಸೇರಿ ಕೊರೆದು ಉಳಿಸಿದ್ದು. ಸಡಿಲವಾಗಿದ್ದದ್ದೆಲ್ಲ ಕೊಚ್ಚಿಹೋಗಿ ಗಟ್ಟಿ ಬಂಡೆ ನಿಂತಿರುತ್ತದೆ. ಜ್ವಾಲಾಮುಖಿ ಹಾಗಲ್ಲ. ಅದು ಮೇಲಿಂದ ಬಿದ್ದು ಬಿದ್ದು ಆದ ರಾಶಿ. ಸಡಿಲವಾದದ್ದೇ ಮೇಲೆ ಉಳಿದಿರುತ್ತದೆ. ಈ ಒಂದು ವ್ಯತ್ಯಾಸ ಮನಸ್ಸಿನಲ್ಲಿ ಕೂತರೆ ಮಿಕ್ಕದ್ದೆಲ್ಲ ತಾನಾಗಿಯೇ ಅರ್ಥವಾಗುತ್ತಾ ಹೋಗುತ್ತದೆ.

ರಾಶಿ ಬೆಳೆಯುವ ಬಗೆ

ಬೆಟ್ಟ ಹುಟ್ಟುವುದನ್ನು ಮನುಷ್ಯರು ಕಣ್ಣಾರೆ ನೋಡಿದ್ದು ತುಂಬಾ ಅಪರೂಪ. ಮೆಕ್ಸಿಕೋದ ಪರಿಕುಟಿನ್ ಅಂಥದ್ದೊಂದು. 1943ರ ಫೆಬ್ರುವರಿಯಲ್ಲಿ ಒಂದು ಮೆಕ್ಕೆಜೋಳದ ಹೊಲದಲ್ಲಿ ನೆಲ ಬಿರಿಯಿತು. ಬಿರುಕಿನಿಂದ ಬೂದಿ, ಕಲ್ಲು ಚಿಮ್ಮತೊಡಗಿತು. ಚಿಮ್ಮಿದ್ದು ಬಿರುಕಿನ ಸುತ್ತಲೇ ಬಿತ್ತು. ಒಂದೇ ವರ್ಷದಲ್ಲಿ ಆ ರಾಶಿ 300 ಮೀಟರ್ ದಾಟಿತು. 1952ರಲ್ಲಿ ಎಲ್ಲ ತಣ್ಣಗಾಗುವ ಹೊತ್ತಿಗೆ 400 ಮೀಟರ್‌ಗೂ ಎತ್ತರದ ಶಂಕು ನಿಂತಿತ್ತು. ಹೊಲ ಇದ್ದ ಜಾಗದಲ್ಲಿ!

ಯಾವುದೇ ಒಣ ರಾಶಿಗೆ ಒಂದು ಮಿತಿ ಇರುತ್ತದೆ. ಮರಳಾಗಲಿ ಜಲ್ಲಿಯಾಗಲಿ, ಸುಮಾರು 30ರಿಂದ 35 ಡಿಗ್ರಿ ಇಳಿಜಾರಿನವರೆಗೆ ಅದು ನಿಲ್ಲುತ್ತದೆ. ಅದಕ್ಕಿಂತ ಕಡಿದಾದರೆ ಮೇಲಿನ ಪದರ ಜಾರಿ ಮತ್ತೆ ಅದೇ ಕೋನಕ್ಕೆ ಬಂದು ಕೂರುತ್ತದೆ. ಸಡಿಲವಾದ ಜ್ವಾಲಾಮುಖಿ ಇಳಿಜಾರು ಈ ಮಿತಿಯ ಅಂಚಿನಲ್ಲೇ ಇರುತ್ತದೆ. ಅಂದರೆ ಅಲ್ಲಿರುವ ಪ್ರತಿ ಕಲ್ಲೂ ಜಾರಲು ತಯಾರಾಗಿಯೇ ಕೂತಿದೆ. ನಿಮ್ಮ ಬೂಟು ಅದಕ್ಕೊಂದು ನೆಪ ಅಷ್ಟೇ.

ಎಲ್ಲ ಜ್ವಾಲಾಮುಖಿಯೂ ಕಡಿದಾಗಿರುವುದಿಲ್ಲ. ಹವಾಯಿಯ ಮೌನಾ ಲೋವಾ 4,169 ಮೀಟರ್ ಎತ್ತರವಿದೆ. ಆದರೂ ದೂರದಿಂದ ನೋಡಿದರೆ ನೆಲದ ಮೇಲೆ ಮಗುಚಿಟ್ಟ ಅಗಲವಾದ ತಟ್ಟೆಯ ಹಾಗೆ ಕಾಣುತ್ತದೆ. ಅಲ್ಲಿನ ಲಾವಾ ತೆಳು, ಎಣ್ಣೆಯ ಹಾಗೆ ದೂರದೂರಕ್ಕೆ ಹರಿದು ಹೋಗಿ ಗಟ್ಟಿಯಾಗುತ್ತದೆ. ಜಪಾನಿನ ಫ್ಯೂಜಿ, ಫಿಲಿಪ್ಪೀನ್ಸಿನ ಮಯೋನ್, ಈಕ್ವೆಡಾರಿನ ಕೊಟೊಪಾಕ್ಸಿಯಂಥವು ಬೇರೆ ಜಾತಿ. ಒಮ್ಮೆ ಲಾವಾ ಹರಿಯುತ್ತದೆ, ಇನ್ನೊಮ್ಮೆ ಬೂದಿ ಕಲ್ಲು ಸುರಿಯುತ್ತದೆ, ಮತ್ತೆ ಲಾವಾ. ಪದರದ ಮೇಲೆ ಪದರ. ಇಂಥವನ್ನು ಪದರ ಜ್ವಾಲಾಮುಖಿ ಅನ್ನುತ್ತಾರೆ. ನಡುನಡುವೆ ಲಾವಾ ಗಟ್ಟಿಯಾಗಿ ಹಿಡಿದುಕೊಳ್ಳುವುದರಿಂದ ಕೆಲವು ಕಡೆ ಇಳಿಜಾರು ಬರೀ ರಾಶಿಗಿಂತಲೂ ಕಡಿದಾಗುತ್ತದೆ. ಮಯೋನ್‌ನ ಮೇಲ್ಭಾಗ 35ರಿಂದ 40 ಡಿಗ್ರಿ ಇದೆ.

ಈ ಬೆಟ್ಟಗಳ ಆಕಾರದಲ್ಲಿ ಒಂದು ಮೋಸವಿದೆ. ಇವುಗಳ ಯಾವುದಾದರೂ ಚಿತ್ರ ನೋಡಿ. ಬುಡ ನಿಧಾನಕ್ಕೆ ಏರುತ್ತದೆ, ಮೇಲೆ ಹೋದಷ್ಟೂ ನೆಟ್ಟಗಾಗುತ್ತದೆ. ದೊಡ್ಡ ಚೂರುಗಳು ಬಾಯಿಯ ಹತ್ತಿರವೇ ಬೀಳುತ್ತವೆ, ಸಣ್ಣ ಬೂದಿ ದೂರಕ್ಕೆ ಹೋಗುತ್ತದೆ. ಮಳೆ ಬಂದಾಗ ಕೆಸರು ಹರಿದು ಬುಡದಲ್ಲಿ ಹರಡುತ್ತದೆ. ಹಾಗಾಗಿ ಬುಡ ಅಗಲ, ತುದಿ ಚೂಪು. ನೋಡಲು ಚಂದವೇ. ಆದರೆ ಚಾರಣಿಗನ ಕಣ್ಣಿನಿಂದ ನೋಡಿ. ಮೊದಲ ಅರ್ಧ ದಾರಿ ಕಾಡಿನೊಳಗೆ ಹಾಯಾಗಿ ಸಾಗುತ್ತದೆ. ‘ಇಷ್ಟೇನಾ’ ಅನಿಸುತ್ತದೆ. ದಣಿವು ಶುರುವಾಗುವ ಹೊತ್ತಿಗೆ, ಗಾಳಿ ತೆಳುವಾಗುವ ಹೊತ್ತಿಗೆ, ಮರಗಳು ಮುಗಿದು ಬರೀ ಕಪ್ಪು ಜಲ್ಲಿ ಶುರುವಾಗುವ ಹೊತ್ತಿಗೇ ಬೆಟ್ಟ ನೆಟ್ಟಗೆ ಎದ್ದು ನಿಲ್ಲುತ್ತದೆ. ಅತಿ ಕಷ್ಟದ ಭಾಗ ಕೊನೆಗೇ ಇರುವ ಪರೀಕ್ಷೆ ಇದು. ಅರ್ಧ ದೂರಕ್ಕೆ ಎಷ್ಟು ಹೊತ್ತಾಯಿತು ಎಂದು ನೋಡಿ ಇನ್ನರ್ಧಕ್ಕೂ ಅಷ್ಟೇ ಸಾಕು ಎಂದುಕೊಂಡವರು ಕತ್ತಲಲ್ಲಿ ಸಿಕ್ಕಿಬೀಳುತ್ತಾರೆ.

ಒಂದು ಹೆಜ್ಜೆಯನ್ನು ಹತ್ತಿರದಿಂದ ನೋಡೋಣ

ಲೆಕ್ಕ ಸುಲಭವಾಗಿದೆ. 30 ಡಿಗ್ರಿ ಇಳಿಜಾರಿನಲ್ಲಿ 1,000 ಮೀಟರ್ ಎತ್ತರ ಏರಬೇಕಾದರೆ ನೇರವಾಗಿ ಹತ್ತಿದರೂ 2,000 ಮೀಟರ್ ನಡೆಯಬೇಕು. ಪ್ರತಿ ಹೆಜ್ಜೆಯಲ್ಲೂ ಮೂರನೇ ಒಂದು ಭಾಗ ಹಿಂದಕ್ಕೆ ಜಾರಿದರೆ ಕಾಲಿನ ಪಾಲಿಗೆ ಅದು 3,000 ಮೀಟರ್. ಮನೆಯ ಮೆಟ್ಟಿಲೂ ಹೆಚ್ಚು ಕಡಿಮೆ ಇದೇ 30 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಹಾಗಾದರೆ ಇದು ಮುನ್ನೂರಕ್ಕೂ ಹೆಚ್ಚು ಮಹಡಿ ಹತ್ತಿದ ಹಾಗೆ. ಮೆಟ್ಟಿಲು ಮಾತ್ರ ಇಲ್ಲ.

ಈಗ ಕಾಲನ್ನೇ ನೋಡಿ. ಬೂಟಿನ ತುದಿ ಜಲ್ಲಿಗೆ ತಾಗುತ್ತದೆ. ಮೈಭಾರ ಹಾಕಿದ ಕೂಡಲೇ ಕೆಳಗಿನ ಚೂರುಗಳು ಒಂದರ ಮೇಲೊಂದು ಉರುಳುತ್ತವೆ. ಪಾದ ಹೂತು ಕೆಳಗಿಳಿಯುತ್ತದೆ. ಒಂದೆರಡು ಕ್ಷಣ ಹೀಗೆ ಜಾರಿ, ಹಿಂದೆ ಒತ್ತಿಕೊಂಡ ಜಲ್ಲಿ ಸ್ವಲ್ಪ ಗಟ್ಟಿಯಾದಾಗ ಪಾದ ನಿಲ್ಲುತ್ತದೆ. ಆಗ ಅದು ನಿಮಗೊಂದು ಮೆಟ್ಟಿಲು. ಆ ಕ್ಷಣಕ್ಕೆ ಕಾಯಬೇಕು. ಬಹಳ ಜನ ತಪ್ಪುವುದು ಇಲ್ಲೇ. ಕಾಲು ಜಾರಿತಲ್ಲ ಎಂದು ಗಾಬರಿಯಾಗಿ ಇನ್ನೊಂದು ಕಾಲನ್ನು ಬೇಗ ಎತ್ತಿ ಇಡುತ್ತಾರೆ. ಅದೂ ಜಾರುತ್ತದೆ. ಶಕ್ತಿಯೆಲ್ಲ ಜಲ್ಲಿಯನ್ನು ಕೆಳಗೆ ತಳ್ಳುವುದಕ್ಕೇ ಖರ್ಚಾಗುತ್ತದೆ.

ಗೈಡ್‌ಗಳು ನಡೆಯುವುದನ್ನು ನೋಡಿದರೆ ಬೇಸರ ಬರುವಷ್ಟು ನಿಧಾನ. ಸಣ್ಣ ಹೆಜ್ಜೆ. ಪಾದ ಇಟ್ಟು, ಅದು ಜಲ್ಲಿಯಲ್ಲಿ ಹೂತು ನಿಲ್ಲಲು ಬಿಟ್ಟು, ಹಿಂದಿನ ಕಾಲನ್ನು ನೆಟ್ಟಗೆ ಮಾಡಿ ಮೂಳೆಯ ಮೇಲೆ ಭಾರ ಹಾಕಿ ಅರೆಕ್ಷಣ ನಿಲ್ಲುತ್ತಾರೆ. ಆಮೇಲೆ ಮುಂದಿನ ಹೆಜ್ಜೆ. ಆ ಅರೆಕ್ಷಣದಲ್ಲಿ ತೊಡೆಯ ಸ್ನಾಯುವಿಗೆ ಬಿಡುವು ಸಿಗುತ್ತದೆ. ಉಸಿರೂ ಹೆಜ್ಜೆಯ ಲಯಕ್ಕೆ ಹೊಂದಿಕೊಳ್ಳುತ್ತದೆ. ನೇರವಾಗಿ ಹತ್ತದೆ ಅಡ್ಡಡ್ಡಲಾಗಿ ತಿರುಗುತ್ತಾ ಹೋಗುತ್ತಾರೆ. ಮುಂದಿನವರು ಒತ್ತಿಟ್ಟ ಹೆಜ್ಜೆಗುರುತು ಇದ್ದರೆ ಅದರಲ್ಲೇ ಕಾಲಿಡುತ್ತಾರೆ. ಅಲ್ಲಿ ಜಲ್ಲಿ ಆಗಲೇ ಕುಸಿದು ಗಟ್ಟಿಯಾಗಿರುತ್ತದೆ. ಹೊಸ ಜಾಗ ಹುಡುಕುವುದು ಇಲ್ಲಿ ಜಾಣತನವಲ್ಲ.

ನಡುರಾತ್ರಿ ಎದ್ದು ಹೊರಡುವುದು ಸೂರ್ಯೋದಯ ನೋಡುವುದಕ್ಕೆ ಮಾತ್ರ ಎಂದು ತುಂಬಾ ಜನ ತಿಳಿದಿದ್ದಾರೆ. ಅದಕ್ಕಿಂತ ದೊಡ್ಡ ಕಾರಣ ಜಲ್ಲಿಯೇ. ಎತ್ತರದ ಬೆಟ್ಟಗಳಲ್ಲಿ ರಾತ್ರಿಯ ಚಳಿಗೆ ಜಲ್ಲಿಯ ನಡುವಿನ ತೇವ ಹೆಪ್ಪುಗಟ್ಟುತ್ತದೆ. ಚೂರುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಬಿಸಿಲೇರಿದರೆ ಅದೇ ಜಲ್ಲಿ ಮತ್ತೆ ಸಡಿಲ. ಕಿಲಿಮಂಜಾರೋದಲ್ಲಿ 4,720 ಮೀಟರ್‌ನ ಕಿಬೋ ತಂಗುಮನೆಯಿಂದ 5,685 ಮೀಟರ್‌ನ ಗಿಲ್ಮನ್ಸ್ ಪಾಯಿಂಟ್‌ವರೆಗಿನ ಏರು ಪೂರ್ತಿ ಇಂಥದ್ದೇ. ಅಲ್ಲಿಗೆ ಹೋಗುವವರು ನಡುರಾತ್ರಿಯ ಹೊತ್ತಿಗೆ ಹೆಡ್‌ಲ್ಯಾಂಪ್ ಹಾಕಿಕೊಂಡು ಹೊರಡುತ್ತಾರೆ. ಇಂಡೋನೇಷ್ಯಾದ ರಿಂಜಾನಿಯಲ್ಲೂ ಹಾಗೆಯೇ. 3,726 ಮೀಟರ್‌ನ ಆ ಬೆಟ್ಟದ ಕೊನೆಯ ಏರು ಎಷ್ಟು ಸಡಿಲ ಎಂದರೆ ತುದಿ ಕಣ್ಣೆದುರೇ ಇದ್ದರೂ ಗಂಟೆಗಟ್ಟಲೆ ಹತ್ತಿರ ಬರುವುದಿಲ್ಲ. ಕತ್ತಲಲ್ಲಿ ಹೊರಡುವುದಕ್ಕೆ ಇನ್ನೊಂದು ಲಾಭವೂ ಇದೆ. ತುದಿ ಎಷ್ಟು ದೂರ ಇದೆ ಎಂದು ಕಾಣುವುದಿಲ್ಲ, ಕಾಲ ಮುಂದಿನ ಬೆಳಕಿನ ವೃತ್ತ ಮಾತ್ರ ಕಾಣುತ್ತದೆ. ಮನಸ್ಸಿಗೆ ಅದೇ ಒಳ್ಳೆಯದು.

ಆಳವಾದ ಜಲ್ಲಿ ಬೇಸರ ತರಿಸುತ್ತದೆ, ಆದರೆ ಅಷ್ಟೊಂದು ಅಪಾಯಕಾರಿಯಲ್ಲ. ಬಿದ್ದರೂ ಅದರಲ್ಲೇ ಹೂತು ನಿಲ್ಲುತ್ತೀರಿ. ನಿಜವಾಗಿ ಹೆದರಬೇಕಾದ್ದು ಗಟ್ಟಿ ಲಾವಾದ ಮೇಲೆ ತೆಳ್ಳಗೆ ಹರಡಿದ ಪುಡಿಗಲ್ಲಿಗೆ. ಸಿಮೆಂಟ್ ನೆಲದ ಮೇಲೆ ಕಾಳು ಚೆಲ್ಲಿ ಅದರ ಮೇಲೆ ನಡೆದ ಹಾಗೆ. ಹಿಡಿದುಕೊಳ್ಳೋಣ ಎಂದು ಕೈ ಹಾಕಿದರೆ ಲಾವಾದ ಮೈ ತುಂಬಾ ಗುಳ್ಳೆ ಒಡೆದ ತೂತುಗಳು. ಅವುಗಳ ಅಂಚು ಗಾಜಿನ ಚೂರಿನಂತೆ ಹರಿತ. ಗಟ್ಟಿ ಕೈಗವಸು ಚಳಿಗೆ ಮಾತ್ರವಲ್ಲ, ಇದಕ್ಕೂ ಬೇಕು. ಬೂಟಿನ ಬಾಯಿ ಮುಚ್ಚುವ ಗೇಟರ್ಸ್ ಕೂಡ ಬೇಕೇ ಬೇಕು. ಇಲ್ಲದಿದ್ದರೆ ಹತ್ತು ನಿಮಿಷಕ್ಕೊಮ್ಮೆ ಕೂತು ಕಲ್ಲು ಕೊಡವಬೇಕಾಗುತ್ತದೆ.

ಇನ್ನು ಉರುಳುವ ಕಲ್ಲು. ನಿಮ್ಮ ಮೇಲೆ ನಡೆಯುತ್ತಿರುವವರ ಕಾಲಿನಿಂದ ಒಂದು ತೆಂಗಿನಕಾಯಿ ಗಾತ್ರದ ಕಲ್ಲು ಸಡಿಲವಾದರೆ ಸಾಕು. ಮೊದಲು ನಿಧಾನಕ್ಕೆ ಉರುಳುತ್ತದೆ, ಆಮೇಲೆ ಪುಟಿಯುತ್ತದೆ, ಪುಟಿದಷ್ಟೂ ವೇಗ. ತಡೆಯಲು ಮರವಿಲ್ಲ, ಪೊದೆಯಿಲ್ಲ. ಅದಕ್ಕೇ ಒಬ್ಬರ ನೇರ ಕೆಳಗೆ ಇನ್ನೊಬ್ಬರು ನಡೆಯಬಾರದು. ಕಲ್ಲು ಬೀಳಿಸಿದವರು ನಾಚಿಕೆ ಪಡದೆ ‘ಕಲ್ಲು! ಕಲ್ಲು!’ ಎಂದು ಕೂಗಬೇಕು. ಕೆಳಗಿನವರು ಮೇಲೆ ನೋಡಿ ಪಕ್ಕಕ್ಕೆ ಸರಿಯಬೇಕು. ಇಯರ್‌ಫೋನ್ ಹಾಕಿಕೊಂಡು ಹತ್ತುವವರನ್ನು ನೋಡಿದರೆ ನನಗೆ ನಿಜಕ್ಕೂ ಭಯವಾಗುತ್ತದೆ.

ಒಂಟಿ ಬೆಟ್ಟದ ಗಾಳಿ

ಎತ್ತರಕ್ಕೆ ಹೋದಂತೆ ಗಾಳಿಯಲ್ಲಿ ಆಮ್ಲಜನಕದ ಪಾಲು ಕಡಿಮೆಯಾಗುತ್ತದೆ ಎಂಬ ಮಾತು ಸರಿಯಲ್ಲ. ಪಾಲು ಎಲ್ಲ ಕಡೆಯೂ ಸುಮಾರು 21 ಶೇಕಡಾವೇ. ಕಡಿಮೆಯಾಗುವುದು ಒತ್ತಡ. ಹಾಗಾಗಿ ಒಂದು ಉಸಿರಿಗೆ ಸಿಗುವ ಗಾಳಿಯೇ ಕಡಿಮೆ. ಫ್ಯೂಜಿಯ 3,776 ಮೀಟರ್ ತುದಿಯಲ್ಲಿ ಒತ್ತಡ ಸಮುದ್ರಮಟ್ಟದ ಮೂರನೇ ಎರಡು ಭಾಗಕ್ಕಿಂತ ತುಸು ಕಡಿಮೆ. ಕಿಲಿಮಂಜಾರೋದ 5,895 ಮೀಟರ್‌ನಲ್ಲಿ ಸುಮಾರು ಅರ್ಧ.

ಇದು ಎಲ್ಲ ಎತ್ತರದ ಬೆಟ್ಟಕ್ಕೂ ಅನ್ವಯಿಸುವ ಮಾತು ಅಲ್ವಾ? ಹೌದು. ಆದರೆ ಜ್ವಾಲಾಮುಖಿಯಲ್ಲಿ ಒಂದು ವಿಶೇಷ ತೊಂದರೆ ಇದೆ. ದೊಡ್ಡ ಪರ್ವತ ಶ್ರೇಣಿಗಳಲ್ಲಿ ತುದಿ ಮುಟ್ಟುವ ಮುನ್ನ ಕಣಿವೆಗಳಲ್ಲಿ ದಿನಗಟ್ಟಲೆ ನಡೆಯಬೇಕು. ಆ ಹೊತ್ತಿಗೆ ದೇಹ ನಿಧಾನವಾಗಿ ಒಗ್ಗಿಕೊಳ್ಳುತ್ತದೆ. ಜ್ವಾಲಾಮುಖಿ ಹೆಚ್ಚಾಗಿ ಬಯಲಿನಲ್ಲಿ ಒಂಟಿಯಾಗಿ ನಿಂತಿರುತ್ತದೆ. ಬುಡದಿಂದ ತುದಿಗೆ ನೇರ ದಾರಿ. ಫ್ಯೂಜಿಯಲ್ಲಂತೂ ಬಸ್ಸಿನಲ್ಲೇ ಸುಮಾರು 2,300 ಮೀಟರ್‌ವರೆಗೆ ಹೋಗಿ ಇಳಿಯಬಹುದು. ಬೆಳಗ್ಗೆ ಊರಿನಲ್ಲಿದ್ದವರು ಅದೇ ರಾತ್ರಿ 3,700 ಮೀಟರ್‌ನಲ್ಲಿರುತ್ತಾರೆ. ದೇಹಕ್ಕೆ ವಿಷಯ ಗೊತ್ತಾಗುವಷ್ಟು ಸಮಯವೂ ಸಿಕ್ಕಿರುವುದಿಲ್ಲ. ರಾತ್ರಿಯಿಡೀ ನಿದ್ದೆಗೆಟ್ಟು ಹೀಗೆ ಹತ್ತುವವರು ಅಲ್ಲಿ ಎಷ್ಟು ಜಾಸ್ತಿಯಾದರೆಂದರೆ, 2024ರಿಂದ ಯೋಶಿದಾ ದಾರಿಗೆ ಗೇಟ್ ಹಾಕಿದ್ದಾರೆ. ತಂಗುಮನೆಯಲ್ಲಿ ಜಾಗ ಕಾಯ್ದಿರಿಸದವರನ್ನು ಮಧ್ಯಾಹ್ನ ನಿಗದಿತ ಹೊತ್ತು ದಾಟಿದ ಮೇಲೆ ಮೇಲಕ್ಕೆ ಬಿಡುವುದಿಲ್ಲ. ಒಳ್ಳೆಯ ನಿಯಮ ಎಂದೇ ನನ್ನ ಅಭಿಪ್ರಾಯ.

ಸುಮಾರು 2,500 ಮೀಟರ್ ದಾಟಿದ ಮೇಲೆ ಎತ್ತರದ ಕಾಯಿಲೆ ಯಾರಿಗೆ ಬೇಕಾದರೂ ಬರಬಹುದು. ತಲೆನೋವು, ವಾಕರಿಕೆ, ತಲೆಸುತ್ತು, ಊಟ ಬೇಡ ಅನಿಸುವುದು. ದಿನಾ ಓಡುವವರು, ವ್ಯಾಯಾಮ ಮಾಡುವವರು ಎಂಬ ವಿನಾಯಿತಿ ಇಲ್ಲ. ಗಟ್ಟಿಮುಟ್ಟಾದವರು ಬೇಗ ಬೇಗ ಹತ್ತಿ ಇನ್ನೂ ಬೇಗ ಕಾಯಿಲೆ ಬೀಳುತ್ತಾರೆ. 1802ರಲ್ಲಿ ಜರ್ಮನಿಯ ವಿಜ್ಞಾನಿ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ ಈಕ್ವೆಡಾರಿನ ಚಿಂಬೊರಾಸೊ ಜ್ವಾಲಾಮುಖಿಯನ್ನು ಹತ್ತಲು ಹೋದರು. ಅವರಿಗೂ ಜೊತೆಗಿದ್ದವರಿಗೂ ವಾಕರಿಕೆ, ತಲೆಸುತ್ತು, ಒಸಡು ತುಟಿಗಳಲ್ಲಿ ರಕ್ತ. ಹಂಬೋಲ್ಟ್ ಇದನ್ನೆಲ್ಲ ಬರೆದಿಟ್ಟರು, ಇದಕ್ಕೂ ತೆಳುಗಾಳಿಗೂ ಸಂಬಂಧವಿದೆ ಎಂದು ಗುರುತಿಸಿದರು. ತುದಿಗೆ ಇನ್ನೂ ಒಂದಿಷ್ಟು ದೂರವಿರುವಾಗ ಎದುರಾದ ಒಂದು ಕಂದಕ ಅವರನ್ನು ವಾಪಸ್ ಕಳಿಸಿತು. ಆ ಬೆಟ್ಟದ ತುದಿಯನ್ನು ಜನ ಮುಟ್ಟಿದ್ದು 1880ರಲ್ಲಿ.

3,000 ಮೀಟರ್ ದಾಟಿದ ಮೇಲೆ, ಒಂದು ರಾತ್ರಿ ಮಲಗಿದ ಜಾಗಕ್ಕಿಂತ ಮರುರಾತ್ರಿ ಮಲಗುವ ಜಾಗ 500 ಮೀಟರ್‌ಗಿಂತ ಜಾಸ್ತಿ ಎತ್ತರದಲ್ಲಿ ಇರಬಾರದು ಎಂಬುದು ಒಪ್ಪಿತವಾದ ಸೂತ್ರ. ಹಗಲು ಎಷ್ಟು ಎತ್ತರ ಮುಟ್ಟಿದಿರಿ ಎಂಬುದಕ್ಕಿಂತ ರಾತ್ರಿ ಎಲ್ಲಿ ಮಲಗಿದಿರಿ ಎಂಬುದು ಮುಖ್ಯ. ಜೊತೆಯವರು ಕುಡಿದವರ ಹಾಗೆ ತೂರಾಡಿದರೆ, ಕೂತಲ್ಲೇ ಉಸಿರು ಸಿಗದೆ ಕೆಮ್ಮಿದರೆ, ಅದು ಸಾಮಾನ್ಯ ಸುಸ್ತಲ್ಲ. ಮಿದುಳಿನಲ್ಲೋ ಶ್ವಾಸಕೋಶದಲ್ಲೋ ನೀರು ತುಂಬುತ್ತಿರಬಹುದು. ಬೆಳಗಾಗಲಿ ನೋಡೋಣ ಎನ್ನಬಾರದು. ಆಗಲೇ ಕೆಳಗಿಳಿಸಬೇಕು.

ನೀರಿನ ವಿಷಯ ಚಿಕ್ಕದು. ಜಲ್ಲಿ ರಾಶಿ ಜರಡಿ ಇದ್ದ ಹಾಗೆ. ಎಷ್ಟೇ ಮಳೆ ಬಂದರೂ ಇಂಗಿಹೋಗುತ್ತದೆ. ಮೇಲ್ಭಾಗದಲ್ಲಿ ತೊರೆ, ಒರತೆ ಸಿಗುವುದು ಅಪರೂಪ. ಬೇಕಾದ ನೀರನ್ನು ಬುಡದಿಂದಲೇ ಹೊರಬೇಕು. ರಾತ್ರಿ ಅದು ಹೆಪ್ಪುಗಟ್ಟದಂತೆ ಬಟ್ಟೆಯೊಳಗೆ ಸುತ್ತಿಡಬೇಕು. ಪ್ರತಿ 1,000 ಮೀಟರ್‌ಗೆ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ಚಳಿ ಜಾಸ್ತಿ. ಒಂಟಿ ಬೆಟ್ಟಕ್ಕೆ ಗಾಳಿ ತಡೆಯುವ ಅಕ್ಕಪಕ್ಕದವರೂ ಇಲ್ಲ. ಬೀಸುವ ಗಾಳಿಯೆಲ್ಲ ತುದಿಯನ್ನು ಸವರಿಕೊಂಡೇ ಹೋಗುತ್ತದೆ. ತುದಿಯ ಮೇಲೆ ಟೋಪಿಯ ಹಾಗೆ ನಯವಾದ ಮೋಡ ಕೂತಿದ್ದು ಕೆಳಗಿನಿಂದ ಕಂಡರೆ, ಅಲ್ಲಿ ಬಿರುಗಾಳಿ ಇದೆ ಎಂದೇ ಲೆಕ್ಕ.

ತುದಿಯೇ ಬಾಯಿ

ಬೇರೆ ಬೆಟ್ಟದಲ್ಲಿ ತುದಿ ಮುಟ್ಟಿದರೆ ನಿಟ್ಟುಸಿರು. ಬೀಳುವ ಕಲ್ಲಿಲ್ಲ, ಇನ್ನು ಏರು ಇಲ್ಲ. ಜ್ವಾಲಾಮುಖಿಯಲ್ಲಿ ನಾವು ಇಷ್ಟು ಕಷ್ಟಪಟ್ಟು ಹೋಗಿ ನಿಲ್ಲುವುದು ಅದು ಉಗುಳುವ ಜಾಗದ ಅಂಚಿನಲ್ಲಿ. ಗುರಿಯೇ ಅಪಾಯದ ಜಾಗ. ಇಲ್ಲಿ ಎರಡು ವಿಷಯ ತಿಳಿದಿರಬೇಕು. ಒಂದು ಅನಿಲ, ಇನ್ನೊಂದು ಉಗಿ.

ಕುಳಿಯಿಂದ ಬರುವ ಬಿಳಿ ಹೊಗೆಯಲ್ಲಿ ಬಹುಪಾಲು ನೀರಾವಿ. ಜೊತೆಗೆ ಇಂಗಾಲದ ಡೈಆಕ್ಸೈಡ್, ಸಲ್ಫರ್ ಡೈಆಕ್ಸೈಡ್, ಹೈಡ್ರೋಜನ್ ಸಲ್ಫೈಡ್. ಮೂರೂ ಗಾಳಿಗಿಂತ ಭಾರ. ಗಾಳಿ ಬೀಸುತ್ತಿದ್ದರೆ ಚದುರಿ ಹೋಗುತ್ತವೆ. ಗಾಳಿ ನಿಂತ ದಿನ ತಗ್ಗಿನಲ್ಲಿ ನೀರು ನಿಂತ ಹಾಗೆ ನಿಲ್ಲುತ್ತವೆ. ಇಂಗಾಲದ ಡೈಆಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಹೈಡ್ರೋಜನ್ ಸಲ್ಫೈಡ್ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಆದರೆ ಅದು ಇನ್ನೂ ಮೋಸಗಾರ. ಪ್ರಮಾಣ ಜಾಸ್ತಿಯಾದರೆ ಅದು ಮೂಗನ್ನೇ ಮಂಕು ಮಾಡುತ್ತದೆ. ವಾಸನೆ ನಿಂತಿತು, ಸದ್ಯ ಗಾಳಿ ಶುದ್ಧವಾಯಿತು ಎಂದು ನಾವು ಅಂದುಕೊಳ್ಳುತ್ತೇವೆ. ನಿಜಕ್ಕೂ ಆಗಿರುವುದು ತಿರುವುಮುರುವು. 1997ರಲ್ಲಿ ಜಪಾನಿನ ಅದಾತಾರಾ ಬೆಟ್ಟದ ಕುಳಿಯಲ್ಲಿ ನಾಲ್ವರು ಚಾರಣಿಗರು ಹೀಗೇ ತೀರಿಕೊಂಡರು. ಬೆಟ್ಟ ಸಿಡಿದಿರಲಿಲ್ಲ.

ಇಂಡೋನೇಷ್ಯಾದ ಸೆಮೆರು ಬೆಟ್ಟದಲ್ಲಿ 1969ರ ಡಿಸೆಂಬರ್‌ನಲ್ಲಿ ಆ ದೇಶದ ಹೆಸರಾಂತ ವಿದ್ಯಾರ್ಥಿ ಹೋರಾಟಗಾರ ಸೋ ಹೊಕ್ ಗೀ ತುದಿಯ ಬಳಿ ವಿಷಾನಿಲಕ್ಕೆ ಬಲಿಯಾದರು. ಮರುದಿನ ಅವರಿಗೆ 27 ತುಂಬುತ್ತಿತ್ತು. ಆ ಬೆಟ್ಟದಲ್ಲಿ ಹೊತ್ತೇರಿದಂತೆ ಗಾಳಿಯ ದಿಕ್ಕು ತಿರುಗಿ ಕುಳಿಯ ಹೊಗೆ ದಾರಿಯ ಕಡೆಗೇ ಬರುತ್ತದೆ. ಬೆಳಗ್ಗೆ ಬೇಗ ಹತ್ತಿ ಬೇಗ ಇಳಿದುಬಿಡಬೇಕು ಎಂದು ಗೈಡ್‌ಗಳು ಹಟ ಹಿಡಿಯುವುದು ಇದಕ್ಕೇ. ಕುಳಿಯ ಅಂಚಿನಲ್ಲಿ ಮೊದಲು ನೋಡಬೇಕಾದ್ದು ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂಬುದನ್ನು. ಗಾಳಿ ನಿಮ್ಮ ಬೆನ್ನಿಗೆ ಬೀಸುತ್ತಾ ಹೊಗೆ ಆಚೆ ಹೋಗುತ್ತಿರಬೇಕು. ಕಣ್ಣು ಉರಿದರೆ, ಗಂಟಲು ಕೆರೆದರೆ, ಫೋಟೊ ಬಿಟ್ಟು ಸರಿಯಬೇಕು. ದಣಿವಾಯಿತೆಂದು ತಗ್ಗಿನಲ್ಲಿ ಕೂರಬಾರದು.

ಎರಡನೆಯದು ಉಗಿ. ಜ್ವಾಲಾಮುಖಿ ಸಿಡಿಯುವ ಮುಂಚೆ ಸುಳಿವು ಕೊಡುತ್ತದೆ ಎಂದು ನಾವೆಲ್ಲ ಓದಿದ್ದೇವೆ. ಶಿಲಾರಸ ಮೇಲೆ ಬರುವಾಗ ಬಂಡೆ ಬಿರಿದು ನೆಲ ನಡುಗುತ್ತದೆ, ಬೆಟ್ಟದ ಮೈ ಉಬ್ಬುತ್ತದೆ, ಅನಿಲ ಜಾಸ್ತಿಯಾಗುತ್ತದೆ. ಉಪಕರಣಗಳು ಇದನ್ನು ದಿನಗಟ್ಟಲೆ ಮೊದಲೇ ಹಿಡಿಯಬಲ್ಲವು. ಆದರೆ ಶಿಲಾರಸ ಮೇಲೆ ಬಾರದೆಯೂ ಬೆಟ್ಟ ಸಿಡಿಯಬಹುದು. ಕುಳಿಯ ಕೆಳಗೆ ಇಂಗಿದ ನೀರು ಇರುತ್ತದೆ. ಕೆಳಗಿನ ಬಿಸಿಗೆ ಅದು ಕಾಯುತ್ತದೆ. ಮೇಲೆ ಬಂಡೆ ಮುಚ್ಚಿರುವುದರಿಂದ ನೂರು ಡಿಗ್ರಿ ದಾಟಿದರೂ ಕುದಿಯಲಾಗದೆ ಕೂತಿರುತ್ತದೆ. ಎಲ್ಲೋ ಒಂದು ಬಿರುಕು ಬಿಟ್ಟರೆ ಆ ನೀರು ಒಮ್ಮೆಲೇ ಆವಿಯಾಗುತ್ತದೆ. ನೀರು ಆವಿಯಾದರೆ ಸಾವಿರಕ್ಕೂ ಹೆಚ್ಚು ಪಟ್ಟು ಜಾಗ ಬೇಕು. ಮೇಲಿನ ಬಂಡೆಯನ್ನೆಲ್ಲ ಹಾರಿಸಿಕೊಂಡು ಹೊರಬರುತ್ತದೆ. ಪ್ರೆಶರ್ ಕುಕ್ಕರಿನ ಮುಚ್ಚಳ ಹಾರಿದ ಹಾಗೆ. ಇದಕ್ಕೆ ಸುಳಿವು ತೀರಾ ಕಡಿಮೆ.

ಜಪಾನಿನ 3,067 ಮೀಟರ್‌ನ ಒಂಟಾಕೆಯಲ್ಲಿ ಆದದ್ದು ಇದೇ. 2014ರ ಸೆಪ್ಟೆಂಬರ್ 27, ಶನಿವಾರ. ಎಲೆಗಳು ಕೆಂಪಾಗುವ ಕಾಲ, ಬಿಸಿಲು ಚೆನ್ನಾಗಿತ್ತು. ಊಟದ ಹೊತ್ತು ಹತ್ತಿರವಾಗಿ ತುದಿಯಲ್ಲಿ ಜನವೋ ಜನ. ಎಚ್ಚರಿಕೆ ಮಟ್ಟ 1, ಅಂದರೆ ಕನಿಷ್ಠ. 11 ಗಂಟೆ 41 ನಿಮಿಷಕ್ಕೆ ಉಪಕರಣಗಳಲ್ಲಿ ನಡುಕ ಶುರುವಾಯಿತು. 11 ಗಂಟೆ 52 ನಿಮಿಷಕ್ಕೆ ಬೆಟ್ಟ ಸಿಡಿಯಿತು. ನಡುವೆ ಇದ್ದದ್ದು ಹನ್ನೊಂದೇ ನಿಮಿಷ. 58 ಮಂದಿ ಸತ್ತರು, ಐವರ ಸುಳಿವೇ ಸಿಗಲಿಲ್ಲ. ಹೆಚ್ಚಿನವರನ್ನು ಕೊಂದದ್ದು ಲಾವಾ ಅಲ್ಲ, ಆಕಾಶದಿಂದ ಬಿದ್ದ ಕಲ್ಲು. ತಂಗುಮನೆಗಳೊಳಗೆ ನುಗ್ಗಿದವರಲ್ಲಿ ಬಹಳ ಜನ ಬದುಕಿದರು. ಅಲ್ಲಿಯವರೆಗೆ ಜಪಾನಿನಲ್ಲಿ ಮಟ್ಟ 1ಕ್ಕೆ ಇದ್ದ ವಿವರಣೆ ‘ಮಾಮೂಲು ಸ್ಥಿತಿ’ ಎಂದು. ಮರುವರ್ಷ ಅದನ್ನು ಬದಲಿಸಿ ‘ಇದು ಜೀವಂತ ಜ್ವಾಲಾಮುಖಿ ಎಂಬುದು ಗಮನದಲ್ಲಿರಲಿ’ ಎಂಬರ್ಥದ ಮಾತು ಹಾಕಿದರು. ಒಂದು ಪದದ ತಿದ್ದುಪಡಿ ನೋಡಲು ಚಿಕ್ಕದು. ಆದರೆ ಆ ಪದ ಓದಿಕೊಂಡು ನಿಶ್ಚಿಂತೆಯಿಂದ ಹತ್ತಿದವರನ್ನು ನೆನೆದರೆ ಎದೆ ಭಾರವಾಗುತ್ತದೆ.

ಎಚ್ಚರಿಕೆ ಮಟ್ಟ ಎನ್ನುವುದು ಒಂದೊಂದು ದೇಶದಲ್ಲಿ ಒಂದೊಂದು ಥರ. ಜಪಾನಿನಲ್ಲಿ 1ರಿಂದ 5, ಇಂಡೋನೇಷ್ಯಾದಲ್ಲಿ 1ರಿಂದ 4, ಫಿಲಿಪ್ಪೀನ್ಸಿನಲ್ಲಿ 0ಯಿಂದ 5. ಸುಮ್ನೆ ಅಂಕಿ ನೋಡಿದರೆ ಸಾಲದು, ಅದರ ಜೊತೆ ಕುಳಿಯಿಂದ ಎಷ್ಟು ದೂರ ಇರಬೇಕು ಎಂದು ಹೇಳಿರುವುದನ್ನೂ ಓದಬೇಕು. ಸುಮಾತ್ರಾದ ಮರಾಪಿ ಜ್ವಾಲಾಮುಖಿ ವರ್ಷಗಳಿಂದ ಎರಡನೇ ಮಟ್ಟದಲ್ಲಿತ್ತು. ಕುಳಿಯಿಂದ 3 ಕಿಲೋಮೀಟರ್ ಒಳಗೆ ಹೋಗಬೇಡಿ ಎಂಬ ಸಲಹೆಯೂ ಇತ್ತು. ಆದರೂ ಚಾರಣ ನಡೆದೇ ಇತ್ತು. 2023ರ ಡಿಸೆಂಬರ್ 3ರಂದು ಅದು ಸಿಡಿದಾಗ ಬೆಟ್ಟದ ಮೇಲೆ 75 ಚಾರಣಿಗರಿದ್ದರು. ಇಪ್ಪತ್ತಕ್ಕೂ ಹೆಚ್ಚು ಜನ ವಾಪಸ್ ಬರಲಿಲ್ಲ. ಟಿಕೆಟ್ ಕೊಡುತ್ತಾರೆ ಎಂದಮಾತ್ರಕ್ಕೆ ಬೆಟ್ಟ ಸುರಕ್ಷಿತ ಎಂದಲ್ಲ.

ಹಾಗಂತ ಹೋಗಲೇಬಾರದು ಅಂತ ನಾನು ಹೇಳುತ್ತಿಲ್ಲ. ಕುಳಿಯ ಅಂಚಿನಲ್ಲಿ ನಿಂತು ಭೂಮಿಯ ಉಸಿರನ್ನು ಕಿವಿಯಿಂದ ಕೇಳುವುದು ಬೇರೆಲ್ಲೂ ಸಿಗುವ ಅನುಭವವಲ್ಲ. ಆದರೆ ಅಲ್ಲಿ ಇರುವ ಹೊತ್ತನ್ನು ಕಡಿಮೆ ಮಾಡಿಕೊಳ್ಳಬಹುದು. ಹೆಲ್ಮೆಟ್ ಹಾಕಬಹುದು. ಊಟಕ್ಕೆ ಕುಳಿಯ ಅಂಚಿನಲ್ಲೇ ಕೂರದೆ ಒಂದಿಷ್ಟು ಕೆಳಗಿಳಿದು ಕೂರಬಹುದು. ಹತ್ತುವಾಗಲೇ ದೊಡ್ಡ ಬಂಡೆ, ತಂಗುಮನೆ ಎಲ್ಲೆಲ್ಲಿವೆ ಎಂದು ಗುರುತು ಮಾಡಿಕೊಳ್ಳಬಹುದು. ಸಿಡಿದೇಬಿಟ್ಟರೆ ಮೊದಲು ಬೇಕಾದ್ದು ತಲೆಗೆ ರಕ್ಷಣೆ: ಬಂಡೆಯ ಮರೆ, ತಲೆಯ ಮೇಲೆ ಬ್ಯಾಗು, ಮೂಗಿಗೆ ಒದ್ದೆ ಬಟ್ಟೆ. ಕಲ್ಲಿನ ಮಳೆ ತಗ್ಗಿದ ಕೂಡಲೇ ಇಳಿಯಬೇಕು. ಆದಷ್ಟೂ ದಿಣ್ಣೆಯ ಮೇಲೆ ಇಳಿಯಬೇಕು, ಕಣಿವೆಯಲ್ಲಿ ಅಲ್ಲ. ಬಿಸಿ ಬೂದಿ, ಕೆಸರು, ಭಾರದ ಅನಿಲ ಎಲ್ಲವೂ ಹುಡುಕುವುದು ಕಣಿವೆಯ ದಾರಿಯನ್ನೇ.

ಇಳಿಯುವಾಗ ದಾರಿಗಳು ದೂರವಾಗುತ್ತವೆ

ಇಳಿಯುವುದು ಜಲ್ಲಿಯಲ್ಲಿ ನಿಜಕ್ಕೂ ಖುಷಿ ಕೊಡುವ ಕೆಲಸ. ಹತ್ತುವಾಗ ಕಾಡಿದ ಅದೇ ಸಡಿಲ ಈಗ ಮೆತ್ತೆಯಾಗುತ್ತದೆ. ಮೈ ಹಿಂದಕ್ಕೆ ವಾಲಿಸದೆ ನೆಟ್ಟಗೆ ನಿಂತು, ಹಿಮ್ಮಡಿಯನ್ನು ಊರಿ, ಮಂಡಿಯನ್ನು ತುಸು ಬಾಗಿಸಿ ದೊಡ್ಡ ಹೆಜ್ಜೆ ಹಾಕಬೇಕು. ಒಂದೊಂದು ಹೆಜ್ಜೆಗೂ ಮೀಟರ್‌ಗಟ್ಟಲೆ ಜಾರಿ ಇಳಿಯುತ್ತೀರಿ. ಫ್ಯೂಜಿಯ ಗೊತೆಂಬಾ ದಾರಿಯಲ್ಲಿ ಇಂಥದ್ದೇ ಒಂದು ಉದ್ದನೆಯ ಇಳಿಜಾರಿದೆ, ಅದರ ಹೆಸರಿನ ಅರ್ಥವೇ ‘ಮರಳಿನ ಓಟ’. ಹಿಮ್ಮಡಿಯ ಬದಲು ಬೆರಳ ಮೇಲೆ ಭಾರ ಹಾಕಿದವರ ಕಾಲಿನ ಉಗುರು ಮಾತ್ರ ಕಪ್ಪಾಗುತ್ತದೆ.

ಆದರೆ ಶಂಕುವಿನ ಆಕಾರದಲ್ಲಿ ಇನ್ನೊಂದು ಬಲೆ ಇದೆ. ಹತ್ತುವಾಗ ದಾರಿ ತಪ್ಪುವುದು ಕಷ್ಟ. ಎಲ್ಲಿಂದ ಹತ್ತಿದರೂ ತುದಿ ಒಂದೇ. ಇಳಿಯುವಾಗ ಎಲ್ಲ ದಿಕ್ಕೂ ಕೆಳಗೇ ಹೋಗುತ್ತದೆ, ಎಲ್ಲವೂ ಒಂದೇ ಥರ ಕಾಣುತ್ತದೆ. ತುದಿಯಲ್ಲಿ ಬರೀ ಹತ್ತು ಡಿಗ್ರಿ ದಿಕ್ಕು ತಪ್ಪಿದರೂ 5 ಕಿಲೋಮೀಟರ್ ಇಳಿಯುವ ಹೊತ್ತಿಗೆ ಸರಿಯಾದ ದಾರಿಯಿಂದ ಸುಮಾರು 870 ಮೀಟರ್ ಆಚೆ ಇರುತ್ತೀರಿ. ನಡುವೆ ಆಳವಾದ ಕೊರಕಲುಗಳು. ಮಳೆನೀರು ತುದಿಯಿಂದ ಕೊಡೆಯ ಕಡ್ಡಿಗಳ ಹಾಗೆ ಸುತ್ತಲೂ ಕೊರೆದಿರುತ್ತದೆ. ಒಂದರಿಂದ ಇನ್ನೊಂದಕ್ಕೆ ದಾಟಲಾಗುವುದಿಲ್ಲ. ಮೋಡ ಕವಿದರೆ ಮುಗಿಯಿತು. ದಿಕ್ಸೂಚಿಯನ್ನೂ ಪೂರ್ತಿ ನಂಬುವ ಹಾಗಿಲ್ಲ, ಏಕೆಂದರೆ ಲಾವಾ ಬಂಡೆಯಲ್ಲಿ ಕಬ್ಬಿಣದ ಅಂಶವಿರುವ ಖನಿಜ ಇರುತ್ತದೆ. ಬಂಡೆಯ ತೀರಾ ಹತ್ತಿರ ಹಿಡಿದರೆ ಮುಳ್ಳು ಬೇರೆ ಕಡೆ ತಿರುಗಬಹುದು.

ಫ್ಯೂಜಿಯಲ್ಲಿ ಇದು ಪ್ರತಿ ಚಾರಣ ಕಾಲದಲ್ಲೂ ನಡೆಯುತ್ತದೆ. ಯೋಶಿದಾ ಮತ್ತು ಸುಬಾಶಿರಿ ದಾರಿಗಳ ಇಳಿಜಾರು ತುದಿಯಿಂದ ಒಂದಿಷ್ಟು ದೂರ ಒಂದೇ. ಎಂಟನೇ ಹಂತ ಎಂದು ಕರೆಯುವ ನಿಲುಗಡೆಯ ಹತ್ತಿರ ಅದು ಕವಲೊಡೆಯುತ್ತದೆ. ಬೋರ್ಡ್ ಇದೆ, ಬೇರೆ ಬೇರೆ ಬಣ್ಣವೂ ಇದೆ. ಆದರೂ ನಿದ್ದೆಗೆಟ್ಟು, ಕಾಲು ಸೋತು, ತಲೆ ಬಗ್ಗಿಸಿಕೊಂಡು ಮುಂದಿನವರ ಹಿಂದೆಯೇ ಹೋಗುವವರು ಬೋರ್ಡ್ ನೋಡುವುದಿಲ್ಲ. ಜಾರುತ್ತಾ ಜಾರುತ್ತಾ ಬೆಟ್ಟದ ಇನ್ನೊಂದು ಮಗ್ಗುಲಿಗೆ ಇಳಿದಿರುತ್ತಾರೆ. ತಾವು ಬಂದ ಬಸ್ಸು ನಿಂತಿರುವುದು ಬೇರೆಯೇ ಪ್ರಾಂತ್ಯದಲ್ಲಿ ಎಂಬುದು ಕೆಳಗೆ ಬಂದ ಮೇಲೆ ಗೊತ್ತಾಗುತ್ತದೆ. ವಾಪಸ್ ಹತ್ತೋಣ ಎಂದರೆ ಎದುರಿಗೆ ಅದೇ ಜಲ್ಲಿ. ಅದಕ್ಕೇ ಹತ್ತುವಾಗಲೇ ಆಗಾಗ ಹಿಂದಿರುಗಿ ನೋಡಿ, ಇಳಿಯುವಾಗ ಈ ಜಾಗ ಹೇಗೆ ಕಾಣುತ್ತದೆ ಎಂದು ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಕವಲು ಬಂದಲ್ಲೆಲ್ಲ ನಿಂತು, ತಲೆ ಎತ್ತಿ, ಬೋರ್ಡ್ ಓದಿ, ಆಮೇಲೆ ಕಾಲಿಡಿ.